ಅತ್ತೆ ನೋಡುವ ಶಾಸ್ತ್ರ

ಬಲಗಾಲು ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು, ಗಾಳಿಯಲ್ಲಿ ಒಂದು ಗಳಿಗೆ ಯೋಚನೆ ಮಾಡಿತು, ಎದ್ದ ಜಾಗಕ್ಕೇ ವಾಪಸ್ ಇಳಿಯಿತು.

"ಬನ್ನಿ, ಒಳಿಕ್ಕೆ ಬನ್ನಿ," ಎಂದು ಹೊಸ್ತಿಲ ಆಚೆ ನಿಂತಿದ್ದ ವಿಜಯಲಕ್ಷ್ಮಿ ನಾಲ್ಕನೇ ಸಲ ಕರೆದಳು. ಕಾಲು ತೊಳೆಯಲು ಕೊಟ್ಟ ತಂಬಿಗೆ ಖಾಲಿಯಾಗಿ ಅವಳ ಕೈಗೇ ಬಂದಿತ್ತು. ಬಾಗಿಲಲ್ಲಿ ನಿಂತು ಕರೆಯುವವರ ನಗು ಎಷ್ಟು ಹೊತ್ತು ಬಾಳಿಕೆ ಬರಬಹುದೋ ಅಷ್ಟು ಹೊತ್ತು ಅವಳ ನಗು ಬಾಳಿ, ಈಗ ಅಂಚಿನಲ್ಲಿ ಸಡಿಲವಾಗತೊಡಗಿತ್ತು.

ಸರ್ವಮಂಗಳಮ್ಮ ಮತ್ತೆ ಕಾಲೆತ್ತಿದಳು. ಈ ಸಲ ಎರಡೇ ಬೆರಳು. ಮತ್ತೆ ಅಲ್ಲಿಗೇ.

ನೋಯುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ. ನೋವಾದರೆ ಯಪ್ಪಾ ಎಂದು ಕೂಗಬಹುದು, ಯಾರದಾದರೂ ತೋಳು ಹಿಡಿಯಬಹುದು, ಮೊಣಕಾಲು ತೋರಿಸಿ ವಯಸ್ಸನ್ನು ಬೈಯಬಹುದು. ಇದು ಅಂಗಾಲಿಗೆ ಯಾರೋ ಗೋಂದು ಬಳಿದು ನೆಲಕ್ಕೆ ಒತ್ತಿಟ್ಟ ಹಾಗೆ. ಬೆಳಿಗ್ಗೆ ಆರಕ್ಕೆ ರಾಯದುರ್ಗದಲ್ಲಿ ಕಾರು ಹತ್ತಿ, ಕಲ್ಯಾಣದುರ್ಗ ದಾಟಿ, ಪಾವಗಡದ ಹತ್ತಿರ ಆಂಧ್ರದಿಂದ ಕರ್ನಾಟಕಕ್ಕೆ ಹೊಕ್ಕು, ಸ್ವಲ್ಪ ಹೊತ್ತಿಗೇ ಕರ್ನಾಟಕದಿಂದ ಮತ್ತೆ ಆಂಧ್ರಕ್ಕೆ ಬಂದು ಮಡಕಶಿರದಲ್ಲಿ ಇಳಿದ ಕಾಲು ಅದು. ಎರಡೆರಡು ಸಲ ರಾಜ್ಯದ ಗಡಿ ದಾಟಿದ್ದು, ಈಗ ಅರಿಶಿನ ಬಳಿದ ಒಂದು ತುಂಡು ಮರದ ಮುಂದೆ ಹಟ ಹಿಡಿದಿತ್ತು.

ಬಂದದ್ದು ಮಗ ಗಿರೀಶನಿಗೆ ಹೆಣ್ಣು ನೋಡಲು. ಗಿರೀಶ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣದೊಂದು ಯೂನಿಟ್ ಇಟ್ಟಿದ್ದ. ಹುಡುಗಿ ಅರ್ಚನಾ, ಶೇಂಗಾ ವ್ಯಾಪಾರಿ ಸಣ್ಣಬಸಪ್ಪನ ಒಬ್ಬಳೇ ಮಗಳು. ಇಬ್ಬರೂ ಎರಡು ತಿಂಗಳಿಂದ ಫೋನಿನಲ್ಲಿ ಮಾತಾಡಿಕೊಂಡು ಮನಸ್ಸಿನಲ್ಲೇ ಮದುವೆ ಮುಗಿಸಿದ್ದರು. ಉಳಿದದ್ದು ಹಿರಿಯರು ಉಪ್ಪಿಟ್ಟು ತಿಂದು ಹೂಂ ಅನ್ನುವುದು ಮಾತ್ರ. ಸರ್ವಮಂಗಳಮ್ಮನ ಯಜಮಾನರು ಅಂಗಡಿ ಬಿಟ್ಟು ಬರಲಾಗದೆ, ನೀನು ಹೂಂ ಅಂದರೆ ನಾನೂ ಹೂಂ ಅಂದಂತೆ ಎಂದು ಕಳಿಸಿದ್ದರು. ಹೂಂ ಅನ್ನಬೇಕಾದವಳು ಹೀಗೆ ಹೊಸ್ತಿಲ ಹೊರಗೆ ಕಂಬವಾಗಿದ್ದಳು.

ಮುಖವಾದರೂ ಸಹಾಯಕ್ಕೆ ಬರಬಹುದಿತ್ತು. ಆದರೆ ಮುಖವೂ ಅವಳ ಮಾತು ಕೇಳುವುದನ್ನು ಬಿಟ್ಟು ವರ್ಷವಾಗಿತ್ತು. ಒಳಗೆ ನಾಚಿಕೆಯಿಂದ ಬೆವರು ಕಿತ್ತು ಬರುತ್ತಿದ್ದರೂ ಹೊರಗೆ ಅರ್ಜಿ ತಿರಸ್ಕರಿಸುವ ತಹಸೀಲ್ದಾರರ ಮುಖ.

ಸಣ್ಣಬಸಪ್ಪ ಆ ಮುಖವನ್ನು ಓದಿದ. ಮೂವತ್ತು ವರ್ಷ ಶೇಂಗಾ ಮಂಡಿಯಲ್ಲಿ ಕೂತು ಜನರ ಮುಖ ಓದಿದವನು. ಈ ಮುಖದಲ್ಲಿ ಅವನಿಗೆ ಕಂಡದ್ದು ಒಂದೇ: ಏನೋ ತಪ್ಪಾಗಿದೆ.

"ಯಾಕಮ್ಮ, ನಮ್ ಕಡೆಯಿಂದ ಏನಾರ ಹೆಚ್ಚುಕಮ್ಮಿ ಆಯ್ತಾ?"

ಸರ್ವಮಂಗಳಮ್ಮ ಬಾಯಿ ತೆರೆಯುವ ಮೊದಲೇ ಅವಳ ತಮ್ಮ ರುದ್ರಮುನಿ ಬಾಯಿ ಹಾಕಿದ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ರಿಟೈರಾದ ಕಂಡಕ್ಟರು. ಒಂದು ಜಾಗದಲ್ಲಿ ಹತ್ತು ಜನ ಸುಮ್ಮನೆ ನಿಂತರೆ ಅವನಿಗೆ ಸೀಟಿ ಊದದೆ ಇರಲಾಗುತ್ತಿರಲಿಲ್ಲ.

"ತೆಪ್ಪೇನೂ ಇಲ್ರಿ. ನಮ್ ಕಡಿ ಹಿಂಗಾ. ಗಂಡಿನ ತಾಯಿ ಕರದ ಕೂಡ್ಲೆ ಒಳಗ ಬರಂಗಿಲ್ಲ. ಪದ್ಧತಿ ಐತಿ."

ಅಂಥ ಪದ್ಧತಿ ರಾಯದುರ್ಗದಲ್ಲಿ ಎಂದೂ ಇರಲಿಲ್ಲ. ಈಗ ಹುಟ್ಟಿತು.

"ಏನು ಪದ್ಧತಿ ಹೇಳಿ, ಮಾಡ್ತೀವಿ," ಎಂದ ಸಣ್ಣಬಸಪ್ಪ.

"ಹೇಳಂಗಿಲ್ರಿ. ನೀವಾ ತಿಳ್ಕಬೇಕು. ಹೇಳಿದ್ರ ಪದ್ಧತಿ ಕೆಡ್ತೈತಿ."

ವಿಜಯಲಕ್ಷ್ಮಿ ಒಳಗೆ ಓಡಿ ಆರತಿ ತಂದಳು. ಬೆಳಗಿದಳು. ಕಾಲು ಏಳಲಿಲ್ಲ. ಕುಬುಸದ ಬಟ್ಟೆ, ತೆಂಗಿನಕಾಯಿ ತಂದು ಉಡಿ ತುಂಬಿದಳು. ಏಳಲಿಲ್ಲ; ತೆಂಗಿನಕಾಯಿಯ ಭಾರಕ್ಕೆ ಇನ್ನಷ್ಟು ಕಚ್ಚಿಕೊಂಡಿತು. ಸಣ್ಣಬಸಪ್ಪ ಮುಂದೆ ಬಂದು, ಮೇನ್ ರೋಡಿನ ತನಕ ಎದುರುಗೊಳ್ಳಲು ಬರದಿದ್ದದ್ದು ತನ್ನದೇ ತಪ್ಪು ಎಂದು ಕೈಮುಗಿದ. ಏಳಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು, ಆಮೇಲೆ ಮೂರು.

"ಆಯ್ತು, ಮದ್ವೆ ನಿಮ್ ರಾಯದುರ್ಗದಲ್ಲೇ ಇಟ್ಕಳಾನ ಬುಡಿ!" ಎಂದುಬಿಟ್ಟ ಸಣ್ಣಬಸಪ್ಪ.

ವಿಜಯಲಕ್ಷ್ಮಿ ಗಂಡನನ್ನು ತಿರುಗಿ ನೋಡಿದಳು. ಹುಡುಗಿಯನ್ನು ಇನ್ನೂ ತೋರಿಸಿಲ್ಲ, ಉಪ್ಪಿಟ್ಟು ಇನ್ನೂ ಒಲೆಯ ಮೇಲಿದೆ, ಮದುವೆ ನೂರು ಕಿಲೋಮೀಟರಿಗಿಂತ ದೂರ ಹೋಗಿ ಬಿದ್ದಿತ್ತು.

ಸರ್ವಮಂಗಳಮ್ಮನಿಗೆ ಹೆದರಿಕೆಯ ನಡುವೆಯೂ ಒಳಗೊಳಗೇ ಒಂದು ಕಚಗುಳಿಯಾಯಿತು. ನಾಲ್ಕು ವರ್ಷ ಎಣ್ಣೆ ಕುಡಿದು, ಪಟ್ಟಿ ಸುತ್ತಿಸಿಕೊಂಡು, ಎಕ್ಸ್‌ರೇ ತೆಗೆಸಿಕೊಂಡು ಅವಳಿಗೆ ಏನನ್ನೂ ಕೊಡದ ಈ ಕಾಲು, ಸುಮ್ಮನೆ ನಿಂತು ಒಂದು ಕಲ್ಯಾಣಮಂಟಪವನ್ನೇ ಗೆದ್ದುಕೊಟ್ಟಿತ್ತು. ಇನ್ನು ಐದು ನಿಮಿಷ ನಿಂತರೆ ಏನೇನು ಬರಬಹುದೋ.

ಆದರೆ ಹೆದರಿಕೆ ದೊಡ್ಡದಿತ್ತು. ರಾಯದುರ್ಗದ ಡಾಕ್ಟರು ಮೊಣಕಾಲ ಕೀಲು ಸವೆದಿದೆ ಎಂದಿದ್ದರು. ಸರಿ, ಕೀಲು ಎಲ್ಲರಿಗೂ ಸವೆಯುತ್ತದೆ. ಆಮೇಲೆ ಬಲಭುಜ ಹಿಡಿದುಕೊಂಡಿತು. ಅದೂ ಕೀಲೇ. ಹೋದ ಚಳಿಗಾಲದಿಂದ ಬಲಗೈ ಹೆಬ್ಬೆರಳು ಸುಮ್ಮನಿರುವಾಗಲೂ ತೋರುಬೆರಳ ಮೇಲೆ ಉರುಳುತ್ತಿತ್ತು, ಕಾಣದ ಎಳ್ಳುಂಡೆ ಕಟ್ಟುವವರಂತೆ. ಇದು ಯಾವ ಕೀಲು ಎಂದು ಅವಳಿಗೆ ತಿಳಿಯಲಿಲ್ಲ. ಒಂದು ದಿನ ಫೋನಿನಲ್ಲಿ ಯಾರೋ ಬಿಳಿ ಕೋಟಿನವರು, ಕೀಲುರೋಗ ಇರುವವರಲ್ಲಿ ಮುಂದೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಕಾಣಬಹುದೇ ಎಂದು ಮಾತು ಶುರುಮಾಡಿದ್ದರು. ಅವಳು ಫೋನು ಬೋರಲು ಹಾಕಿ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಂದಿನಿಂದ ಕೈ ಸೆರಗಿನಲ್ಲೇ ಇತ್ತು. ನರದ ಕಾಯಿಲೆ ಇರುವ ಮನೆ ಅಂದರೆ ಸಂಬಂಧ ಮುರಿದುಬೀಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ವರ್ಷ ಬಂದ ಒಂದು ಒಳ್ಳೆಯ ಸಂಬಂಧವನ್ನು, ಹುಡುಗಿಯ ಚಿಕ್ಕಪ್ಪನಿಗೆ ಮೂರ್ಛೆ ಬರುತ್ತದೆ ಎಂದು ಬೇಡ ಅಂದವಳು ಅವಳೇ.

ಆಗ ಅರ್ಚನಾ ಬಂದಳು. ಒಳಗಿನಿಂದಲ್ಲ, ಹಿತ್ತಲಿನಿಂದ ಮನೆ ಸುತ್ತಿಕೊಂಡು. ಮೈತುಂಬ ಪಿನ್ನು ಚುಚ್ಚಿ ಉಡಿಸಿದ ರೇಷ್ಮೆ ಸೀರೆ, ಕೈಯಲ್ಲಿ ರಂಗೋಲಿ ಡಬ್ಬಿ.

"ಏಯ್, ನಿನ್ನ ಯಾರೇ ಕರೆದಿದ್ದು? ಕರೆಯೋಗಂಟ ಬರಬಾರ್ದು," ಎಂದಳು ವಿಜಯಲಕ್ಷ್ಮಿ.

ಅರ್ಚನಾ ತಾಯಿಯನ್ನು ನೋಡಲಿಲ್ಲ, ಗಿರೀಶನನ್ನೂ ನೋಡಲಿಲ್ಲ. ಬರಲಿರುವ ಅತ್ತೆಯ ಮುಖವನ್ನೂ ನೋಡಲಿಲ್ಲ. ಕಾಲನ್ನು ನೋಡಿದಳು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಆ ಕಾಲ ಮುಂದೆ ಒಂದು ಬಿಳಿ ಗೆರೆ ಎಳೆದಳು. ಕೈ ಚಾಚಿ ಹೊಸ್ತಿಲ ಒಳಗೆ ಇನ್ನೊಂದು.

"ಆಂಟಿ, ಹೊಸ್ತಿಲು ಮರ್ತುಬುಡಿ. ಬರೀ ಗೆರೆ ನೋಡಿ. ತುಳೀಬೇಡಿ, ದಾಟಿ. ಒಂದು…"

ಕಾಲು ಎದ್ದಿತು. ಗೆರೆ ದಾಟಿತು.

"ಎರಡು."

ಹೊಸ್ತಿಲೂ ಎರಡನೇ ಗೆರೆಯೂ ಒಟ್ಟಿಗೇ ಹಿಂದೆ ಉಳಿದವು. ಸರ್ವಮಂಗಳಮ್ಮ ನಡುಮನೆಯಲ್ಲಿದ್ದಳು. ಹೇಗೆ ಬಂದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಅರ್ಚನಾ ಮುಂದೆ ಮುಂದೆ ಬಗ್ಗಿಕೊಂಡು ಗೆರೆ ಎಳೆಯುತ್ತ ಹೋದಳು, ಇವಳು ಹಿಂದೆ ಹಿಂದೆ ದಾಟುತ್ತ ಹೋಗಿ ಕುರ್ಚಿಯಲ್ಲಿ ಕೂತಳು.

"ಅದಾ! ಅದಾ ನೋಡ್ರಿ ಪದ್ಧತಿ!" ರುದ್ರಮುನಿ ಚಪ್ಪಾಳೆ ತಟ್ಟಿದ. "ಸೊಸಿ ಆಗಾಕಿ ತಾನಾ ತಿಳ್ಕೊಂಡು ಗೆರಿ ಹಾಕಬೇಕು. ನಿಮ್ ಹುಡುಗಿ ಭಾಳ ಶಾಣ್ಯಾ ಅದಾಳ್ರಿ."

"ಅಯ್ಯೋ, ಇಷ್ಟೇನಾ," ಎಂದು ಸಣ್ಣಬಸಪ್ಪ ಹಣೆ ಒರೆಸಿಕೊಂಡ. "ಮೊದ್ಲೇ ಒಂದು ಫೋನ್ ಮಾಡಿದ್ರೆ ಮೂಟೆ ರಂಗೋಲಿ ತರಿಸಿಡ್ತಿದ್ದೆ."

ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಸರ್ವಮಂಗಳಮ್ಮ ಎಡಗೈಯಿಂದ ಹೇಗೆ ತಿನ್ನುವುದೆಂದು ತಿಳಿಯದೆ, ಏಕಾದಶಿ ಎಂದು ಸುಳ್ಳು ಹೇಳಿ ತಟ್ಟೆಯನ್ನು ದೂರ ಸರಿಸಿದಳು. ಅಂದು ಏಕಾದಶಿಯಲ್ಲವೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಣ್ಣಬಸಪ್ಪನ ಮುಖ ಮತ್ತೆ ಇಳಿಯಿತು. ಇನ್ನೂ ಮುನಿಸು ಹೋಗಿಲ್ಲ.

ರುದ್ರಮುನಿ ಕೇಸರಿಬಾತಿನ ಎರಡನೇ ತಟ್ಟೆ ಮುಗಿಸಿ ಹಿರಿಯನ ಗತ್ತಿಗೆ ಬಂದ. "ಹುಡುಗಿ ನಾಕ್ ಹೆಜ್ಜಿ ನಡದು ತೋರಸ್ಲಿ ನೋಡಾಣ."

ಮೂಲೆಯ ಮಂಚದಿಂದ ಒಂದು ದನಿ ಬಂತು. ಅರ್ಚನಾಳ ಅಜ್ಜಿ ದ್ರಾಕ್ಷಾಯಣಮ್ಮ. ಬೆರಳುಗಳ ಗೆಣ್ಣುಗಳೆಲ್ಲ ಹುಣಿಸೆಬೀಜದಂತೆ ಉಬ್ಬಿ ಸೊಟ್ಟಗಾಗಿದ್ದವು. "ನಡಿಯಾದೇನು ನೋಡ್ತೀಯಪ್ಪ? ದಿನಾ ಹಿಂದೂಪುರದ ಬಸ್ಸಿಗೆ ಓಡ್ತಾಳೆ. ಓಡಾದ್ ನೋಡ್ಬೇಕು ಅಂದ್ರೆ ನಾಳೆ ಬೆಳಿಗ್ಗೆ ಏಳಕ್ಕೆ ಬಸ್ಟಾಂಡಿಗೆ ಬಾ."

ಅರ್ಚನಾ ಹಿಂದೂಪುರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಹಿಡಿದ ಭುಜ ಬಿಡಿಸುವುದು, ಬಿದ್ದವರನ್ನು ನಡೆಸುವುದು ಅವಳ ಕೆಲಸ. ಅವಳು ನಗುತ್ತಲೇ ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. "ಆಯ್ತಾ ಮಾವ? ಈಗ ಆಂಟಿಗೆ ಹಿತ್ತಲು ತೋರಿಸ್ಕಂಡು ಬರ್ತೀನಿ."

"ಹೋಗಕ್ಕ, ಹೋಗು. ಹುಡುಗಿನ ಒಬ್ಬಾಕಿನ್ನಾ ಮಾತಾಡ್ಸು. ಚಲೋ ಪರೀಕ್ಷಾ ಮಾಡು."

ಪರೀಕ್ಷೆ ನಡೆಯಿತು. ಬರೆದವಳು ಮಾತ್ರ ಬೇರೆ.

ಹಿತ್ತಲಲ್ಲಿ ಶೇಂಗಾ ಒಣಹಾಕಿದ್ದರು. ಅರ್ಚನಾ ಸೀರೆ ಎತ್ತಿ ಕಟ್ಟಿ, ಇಬ್ಬರ ನಡುವೆ ಒಂದು ಗೋಣಿಚೀಲ ಹಾಸಿ, ಸರ್ವಮಂಗಳಮ್ಮನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ಎಡಗೈಲಿ ಹತ್ತು ಕಾಯಿ ಸುಲೀರಿ."

"ಯಾಕವ್ವ?"

"ನಮ್ ಕಡೆ ಪದ್ಧತಿ ಐತೆ. ಹೇಳಿದ್ರೆ ಕೆಡ್ತೈತೆ."

ಸರ್ವಮಂಗಳಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಹುಡುಗಿ ಕಣ್ಣು ಮಿಟುಕಿಸಲಿಲ್ಲ. ಎಡಗೈ ಹತ್ತೂ ಕಾಯಿ ಸುಲಿಯಿತು.

"ಈಗ ಬಲಗೈ. ಸೆರಗಿನೊಳಗೈತಲ್ಲ, ಅದು."

ಬಲಗೈ ಹೊರಬಂತು. ಮೊದಲ ಕಾಯಿ ಚಟಕ್ಕೆಂದಿತು. ಎರಡನೆಯದು ನಿಧಾನ. ನಾಲ್ಕನೆಯದರ ಹೊತ್ತಿಗೆ ಬೆರಳು ಒತ್ತುತ್ತಿತ್ತೇ ಹೊರತು ಸಿಪ್ಪೆ ಒಡೆಯುತ್ತಿರಲಿಲ್ಲ. ಐದನೆಯದು ಕೈಯಲ್ಲೇ ಉಳಿಯಿತು.

"ನಾಕ್ ವರ್ಷದಿಂದ ಕೀಲು ಹಿಡ್ದೈತವ್ವ," ಎಂದಳು ಸರ್ವಮಂಗಳಮ್ಮ, ಅರ್ಜಿ ಕೊಡುವವಳಂತೆ.

"ಹೂಂ. ಈಗ ಈ ಮಣ್ಣಾಗೆ ಬೆರಳಲ್ಲಿ ನಿಮ್ ಹೆಸ್ರು ಬರೀರಿ."

ಹೆಸರು 'ಸ'ದಲ್ಲಿ ಅಂಗೈಯಗಲ ಶುರುವಾಯಿತು. 'ಮಂ'ಗೆ ಬರುವಾಗ ರೂಪಾಯಿ ಬಿಲ್ಲೆಯಷ್ಟಾಯಿತು. ಕೊನೆಯ 'ಮ್ಮ' ಇರುವೆ ನಡೆದ ಗುರುತಿನ ಹಾಗೆ ಕಂಡಿತು. ಸರ್ವಮಂಗಳಮ್ಮ ತನ್ನ ಹೆಸರನ್ನೇ ನೋಡುತ್ತ ಕೂತಳು. ಯೂನಿಟ್ಟಿನಲ್ಲಿ ಪ್ಯಾಂಟಿನ ಕಟ್ಟುಗಳಿಗೆ ಅವಳು ಬರೆದ ಚೀಟಿಗಳನ್ನು ಹುಡುಗಿಯರು ಓದಲಾಗದೆ ನಗುತ್ತಿದ್ದದ್ದು ನೆನಪಾಯಿತು. ಹುಡುಗಿಯರಿಗೆ ಕಣ್ಣು ಸರಿಯಿಲ್ಲ ಎಂದು ಅವಳು ಬೈದಿದ್ದಳು.

"ಒಳಗೆ ಹಾಲು ಸೀದೈತೆ," ಎಂದಳು ಅರ್ಚನಾ. "ನಮ್ಮಮ್ಮ ಉಪ್ಪಿಟ್ಟಿನ ಗಡಿಬಿಡೀಲಿ ಮರ್ತವ್ಳೆ. ನೀವು ಬಂದಾಗಿಂದ ಮನೆಯೆಲ್ಲ ಅದೇ ವಾಸ್ನೆ. ನಿಮಗೆ ಬರ್ತೈತಾ?"

ಸರ್ವಮಂಗಳಮ್ಮ ಗಾಳಿಗೆ ಮೂಗೊಡ್ಡಿದಳು. ಏನೂ ಇಲ್ಲ. "ನೆಗಡಿ."

"ಎಷ್ಟು ದಿನದಿಂದ?"

"ಐದು ವರ್ಷ ಆತು."

ಹೇಳಿದ ಮೇಲೆ ಆ ನೆಗಡಿಯ ಆಯುಸ್ಸು ಅವಳಿಗೇ ವಿಚಿತ್ರವೆನಿಸಿತು. ಅರ್ಚನಾಳ ತುಟಿ ನಗಲು ಹೊರಟು ತಡೆದುಕೊಂಡಿತು.

"ಆಂಟಿ, ನಾನು ಡಾಕ್ಟ್ರಲ್ಲ. ಇದು ಪಾರ್ಕಿನ್ಸನ್ ಹೌದೇ ಅಂತ ಹೇಳಾಕೆ ನರದ ಡಾಕ್ಟ್ರೇ ನೋಡ್ಬೇಕು. ಆದ್ರೆ ಇಂಥ ಕಾಲು, ಹಿಂಗೆ ಕುಗ್ಗೋ ಅಕ್ಷರ, ವಾಸ್ನೆ ತಿಳೀದಿರೋ ಮೂಗು ನಾನು ವಾರಕ್ಕೆ ಇಬ್ರದಾದ್ರೂ ನೋಡ್ತೀನಿ. ಎಲ್ರೂ ಮೊಣಕಾಲು ಹಿಡ್ಕಂಡೇ ಬರ್ತಾರೆ."

"ಅಂದ್ರ ಕೀಲೇ ಇದನ್ನ ತಂದಿದ್ದು? ಫೋನ್ನಾಗ ಹಂಗ ಅನ್ನಾಕತ್ತಿದ್ರು."

"ಕೀಲು ಸವೆದೋರಲ್ಲಿ ಇದು ಸ್ವಲ್ಪ ಜಾಸ್ತಿ ಕಾಣ್ತೈತೆ ಅಂತ ಕೆಲವ್ರು ನೋಡವ್ರೆ. ಆದ್ರೆ ಕೀಲೇ ಇದನ್ನ ಕರ್ಕಂಡ್ ಬರ್ತೈತಾ, ಇಲ್ಲ ಎರಡೂ ಒಂದೇ ಬಸ್ಸು ಹತ್ತಿದ ಬ್ಯಾರೆ ಬ್ಯಾರೆ ಪ್ಯಾಸೆಂಜರಾ, ಇನ್ನೂ ಯಾರ್ಗೂ ಸರಿಯಾಗಿ ಗೊತ್ತಿಲ್ಲ. ಇನ್ನೊಂದೈತೆ. ಎಷ್ಟೋ ಸಲ ಇದೇ ಮೊದ್ಲು ಬಂದು ಭುಜ ಹಿಡ್ಕಂಡಿರ್ತೈತೆ, ನಾವು ಕೀಲು ಅಂದ್ಕಂಡು ಎಣ್ಣೆ ತಿಕ್ಕತಾನೇ ಇರ್ತೀವಿ. ನಮ್ಮಜ್ಜಿ ನೋಡಿ, ಇಪ್ಪತ್ತು ವರ್ಷದಿಂದ ಕೀಲುವಾಯು. ನಡುಕ ಇಲ್ಲ. ನಾಲಿಗೆಯಂತೂ ದಿನಾ ಗಟ್ಟಿ ಆಗ್ತೈತೆ."

"ಔಷಧ?"

"ಐತೆ. ಪೂರ್ತಿ ಹೋಗಲ್ಲ, ಆದ್ರೆ ಚೆನ್ನಾಗಿ ಓಡಾಡ್ಕಂಡಿರ್ತೀರಿ. ನಾಕ್ ವರ್ಷ ಎಣ್ಣೇಲಿ ಕಳೆದ್ರಿ, ಅಷ್ಟೇ."

ಸರ್ವಮಂಗಳಮ್ಮ ಒಳಬಾಗಿಲ ಕಡೆ ನೋಡಿ ದನಿ ಇಳಿಸಿದಳು. ಅವಳ ದನಿ ಈಚೆಗೆ ತಾನಾಗಿಯೇ ಇಳಿಯುತ್ತಿದ್ದದ್ದು ಇಲ್ಲಿ ಉಪಕಾರಕ್ಕೆ ಬಂತು. "ನೋಡವ್ವ, ಈ ಮಾತು ಇಲ್ಲೇ ಈ ಗೋಣಿಚೀಲದ ಮ್ಯಾಲೇ ಇರ್ಲಿ."

"ಯಾಕೆ?"

"ಯಾಕಂದ್ರ? ನಿಮ್ಮಪ್ಪಗ ಗೊತ್ತಾದ್ರ ಹೂಂ ಅಂತಾನೇನು? ನಾನಾ ಆಗಿದ್ರ ಅಂತಿರ್ಲಿಲ್ಲ." ಕೈ ಮತ್ತೆ ಸೆರಗು ಹುಡುಕುತ್ತಿತ್ತು. "ಮದವಿ ರಾಯದುರ್ಗದಾಗ ಬ್ಯಾಡ. ಇಲ್ಲೇ ಮಾಡ್ಕೊಳ್ರಿ."

"ಸರಿ."

"ನಿನಗ ನನ್ನ ಕೈಬಳಿ ಕೊಡ್ತೀನಿ. ಅತ್ತಿ ಕೊಟ್ಟಿದ್ದು, ಹಳೇ ಬಂಗಾರ."

"ಬ್ಯಾಡ. ಸಡ್ಲ ಆಗ್ತಾವೆ."

"ಮದವಿ ಆದ ಮ್ಯಾಲೂ ನಿನ್ ಕೆಲಸ ಬಿಡಬ್ಯಾಡ. ರಾಯದುರ್ಗದಾಗ ನಿಂದಾ ಒಂದು ಕ್ಲಿನಿಕ್ ಇಟ್ಕೋ. ಯಾರೂ ಏನೂ ಅನ್ನಂಗಿಲ್ಲ, ನಾ ನೋಡ್ಕೋತೀನಿ."

ಅರ್ಚನಾ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಅಗಿದಳು. "ಇದು ಲಂಚನಾ, ಮಾತಾ?"

"ಎರಡೂ."

"ಲಂಚ ಆದ್ರೆ ಬ್ಯಾಡ. ಮಾತು ಆದ್ರೆ ನೆನಪಿಟ್ಕಂತೀನಿ." ಅವಳು ಮಣ್ಣಿನಲ್ಲಿ ಬರೆದ ಹೆಸರನ್ನು ಅಂಗೈಯಿಂದ ಅಳಿಸಿದಳು. "ನಾನಾಗಿ ಯಾರ್ಗೂ ಹೇಳಲ್ಲ. ನಿಮ್ ಮೈ, ನಿಮ್ ಸುದ್ದಿ. ಆದ್ರೆ ನನಗೆ ಗೊತ್ತಿದ್ದೂ ನಮ್ಮಪ್ಪನ ಮುಂದೆ ಗೊತ್ತಿಲ್ದಂಗೆ ಹಾರ ಹಾಕ್ಕಂಡು ನಿಂತ್ಕಳಾಕೆ ಆಗಲ್ಲ. ನೀವು ಹೇಳೋಗಂಟ ನಾನು ಹೂಂ ಅನ್ನಲ್ಲ. ಗಿರೀಶ್ ನನಗೆ ಇಷ್ಟ. ನೀವೂ ಪರವಾಗಿಲ್ಲ."

ಪರವಾಗಿಲ್ಲ! ಹೆಣ್ಣು ನೋಡಲು ಬಂದವಳಿಗೆ ಹೆಣ್ಣು ಕೊಟ್ಟ ಅಂಕ. ಸರ್ವಮಂಗಳಮ್ಮನಿಗೆ ಬಂದ ನಗು ಮುಖದ ಬಾಗಿಲು ಸಿಗದೆ ಹೊಟ್ಟೆಯಲ್ಲೇ ಸುತ್ತಿತು.

ಇಬ್ಬರೂ ಒಳಗೆ ಬಂದಾಗ ನಡುಮನೆಯಲ್ಲಿ ರುದ್ರಮುನಿ ರಾಯದುರ್ಗದ ಇನ್ನೂ ಎರಡು ಪದ್ಧತಿಗಳನ್ನು ಹುಟ್ಟಿಸಿ ಮುಗಿಸಿದ್ದ. ಸಣ್ಣಬಸಪ್ಪ ಅವನ್ನು ಒಪ್ಪಿಯೂ ಆಗಿತ್ತು. ಗಿರೀಶ ಮಾತ್ರ ಮೊಬೈಲಿನ ಕಪ್ಪು ಪರದೆಯಲ್ಲಿ ಅರ್ಚನಾಳ ನೆರಳು ನೋಡುತ್ತ ಕೂತಿದ್ದ.

"ಏನಮ್ಮ, ನಮ್ ಹುಡುಗಿ ಒಪ್ಪಿಗೆನಾ?" ಎಂದ ಸಣ್ಣಬಸಪ್ಪ.

"ಹುಡುಗಿ ಚಲೋ ಅದಾಳ್ರಿ," ಎಂದಳು ಸರ್ವಮಂಗಳಮ್ಮ. "ಒಂದ್ ಮಾತು ಹೇಳ್ಬೇಕಿತ್ತು. ನನಗ ಸ್ವಲ್ಪ ಮೊಣಕಾಲು ಬ್ಯಾನಿ ಐತಿ."

"ಯಾರ್ಗಿಲ್ಲ ಬುಡಿ," ಎಂದಳು ವಿಜಯಲಕ್ಷ್ಮಿ.

ಬಾಗಿಲ ಬಳಿ ಅರ್ಚನಾ ಕೆಮ್ಮಿದಳು.

"ಭುಜಾನೂ ಹಿಡ್ದೈತಿ."

ಮತ್ತೆ ಕೆಮ್ಮು.

"ಹಿತ್ತಲ ಧೂಳು ಕುಡ್ದು ಬಂದವ್ಳೆ, ನೀರು ಕೊಡ್ರೇ," ಎಂದಳು ಮಂಚದ ಮೇಲಿನ ದ್ರಾಕ್ಷಾಯಣಮ್ಮ.

ಇನ್ನೂ ಒಂದು ಕೀಲು ಉಳಿದಿದೆಯೇ ಎಂದು ಸರ್ವಮಂಗಳಮ್ಮ ತನ್ನ ಮೈಯನ್ನೆಲ್ಲ ಹುಡುಕಿದಳು. ಉಳಿದಿರಲಿಲ್ಲ. ಹೋದ ವರ್ಷ ಬೇಡವೆಂದ ಆ ಹುಡುಗಿಯ ತಾಯಿ, ಮೂರ್ಛೆಯ ಸುದ್ದಿಯನ್ನು ತಾನಾಗಿಯೇ ಹೇಳಿದ್ದಳು. ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಆ ಹೊತ್ತು ಸರ್ವಮಂಗಳಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಈಗ ಬಲಗೈಯನ್ನು ಸೆರಗಿನಿಂದ ತೆಗೆದು, ಟೀಪಾಯಿಯ ಮೇಲೆ ಚಮಚ ಇಟ್ಟಿದ್ದ ಉಪ್ಪಿಟ್ಟಿನ ತಟ್ಟೆಯ ಅಂಚಿಗೆ ಇಟ್ಟಳು.

ತಟ್ಟೆ ಮಾತಾಡತೊಡಗಿತು. ಟಿಣಿಟಿಣಿಟಿಣಿ. ಸ್ಟೀಲಿನ ತಟ್ಟೆ, ಸ್ಟೀಲಿನ ಚಮಚ. ಎಲ್ಲರೂ ಅತ್ತ ತಿರುಗಿದರು. ಅವಳು ಕೈ ತೆಗೆಯಲಿಲ್ಲ.

ರುದ್ರಮುನಿಗೆ ತಡೆಯಲಾಗಲಿಲ್ಲ. "ಇದೂ ನಮ್ ಕಡಿ ಒಂದು…"

"ಸುಮ್ಕಿರಪ್ಪ," ಎಂದಳು ಅಕ್ಕ. "ಪದ್ಧತಿ ಅಲ್ರಿ ಇದು. ಹೊಸ್ತಿಲದಾಗ ನಿಂತಿದ್ದೂ ಪದ್ಧತಿ ಅಲ್ಲ. ನನ್ ಕಾಲು ಏಳ್ಲಿಲ್ಲ. ನರದ ಕಾಯಿಲಿ ಇದ್ದಂಗೈತಿ, ದೊಡ್ಡ ಡಾಕ್ಟರಿಗೆ ತೋರಿಸ್ಬೇಕು. ನಮ್ ಮನ್ಯಾಗ ಯಾರಿಗೂ ಗೊತ್ತಿಲ್ಲ, ನಿಮಗಾ ಮೊದ್ಲು ಹೇಳಾಕತ್ತೀನಿ. ಗಿರೀಶಗೂ ಈಗಾ ಗೊತ್ತಾಗಿದ್ದು."

ಗಿರೀಶ ಎದ್ದುನಿಂತ. ಏನು ಮಾಡಬೇಕೆಂದು ತೋಚದೆ ತಟ್ಟೆಯಿಂದ ಚಮಚ ಎತ್ತಿದ. ಸದ್ದು ನಿಂತಿತು. ಕೈ ನಿಲ್ಲಲಿಲ್ಲ.

ಸಣ್ಣಬಸಪ್ಪ ಆ ಕೈಯನ್ನು ನೋಡಿದ, ಆಮೇಲೆ ಮಗಳನ್ನು. ಸರ್ವಮಂಗಳಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಮುರಿಯಿತು, ಎಂದುಕೊಂಡಳು. ಆದರೆ ಆ ಮುಖದಲ್ಲಿ ಮೆಲ್ಲಗೆ ಮೂಡಿದ್ದು ನೆಮ್ಮದಿ. ತಪ್ಪು ಹುಡುಗಿಯಲ್ಲಿಲ್ಲ, ಮನೆಯಲ್ಲಿಲ್ಲ, ಎದುರುಗೊಂಡ ರೀತಿಯಲ್ಲೂ ಇಲ್ಲ. ಬೆಳಗ್ಗಿನಿಂದ ಬಗ್ಗಿದ್ದ ಅವನ ಬೆನ್ನು ನೆಟ್ಟಗಾಯಿತು.

"ಇಷ್ಟೇನಾ? ಹಂಗಾರೆ ಮದ್ವೆ ಮಡಕಶಿರದಲ್ಲೇ."

"ಆತ್ರಿ."

"ಇನ್ನು ಕಾಯ್ಲೆ ಇಚಾರ. ಅದಕ್ಯಾಕೆ ಎದೆಗುಂದ್ತೀರಿ? ದೇವ್ರೇ ಕೂಡಿಸಿದಂಗೈತೆ!" ಅವನು ಮಗಳ ಕಡೆ ಕೈ ತೋರಿಸಿದ. "ಮನೆಗೇ ಬತ್ತಾಳಲ್ಲ, ಇದೇ ಓದ್ದೋಳು. ನಾಳಿಂದ್ಲೇ ಆ ಹಿಂದೂಪುರದ ಕೆಲ್ಸ ಬುಡ್ಲಿ. ಕ್ಲಿನಿಕ್ಕೂ ಬ್ಯಾಡ, ಏನೂ ಬ್ಯಾಡ. ನಿಮ್ ಮನೇಲೇ ಇದ್ಕಂಡು ಬೆಳಿಗ್ಗೆ ಸಾಯಂಕಾಲ ನಿಮ್ ಕೈಕಾಲು ನೋಡ್ಕಂತಾಳೆ. ಇದೊಂದು ಮಾತಿನ ಮೇಲೆ ಕೊಡ್ತೀನಿ ನನ್ ಮಗಳ್ನ. ಹೊರಗೆ ದುಡಿಯಾಕೆ ಕಳಿಸ್ಬಾರ್ದು, ನಿಮ್ ಹತ್ರಾನೇ ಇರ್ಬೇಕು."

"ಭಾಳ ಚಲೋ ಮಾತು!" ಎಂದ ರುದ್ರಮುನಿ. "ಕಂಪ್ನಿಯವ್ರು ಬಸ್ಸಿನ ಜೋಡಿ ಮೆಕ್ಯಾನಿಕ್ಕನ್ನೂ ಕೊಟ್ಟಂಗಾತು."

"ಚಲೋ ಆತಲ್ಲಬೇ," ಎಂದ ಗಿರೀಶ ಕೂಡ, ಚಮಚ ಹಿಡಿದುಕೊಂಡೇ.

ವಿಜಯಲಕ್ಷ್ಮಿ ಆಗಲೇ ಒಳಗೆ ಹೋಗಿ ತಾಂಬೂಲದ ತಟ್ಟೆ ತಂದಿದ್ದಳು. ಎಲೆ, ಅಡಿಕೆ, ಅರಿಶಿನದ ಕೊಂಬು, ಎರಡು ಬಾಳೆಹಣ್ಣು. ಆ ತಟ್ಟೆ ಮುಟ್ಟಿದರೆ ಸಂಬಂಧ ಕೂಡಿದಂತೆ. ಬೆಳಿಗ್ಗೆ ಆರರಿಂದ, ಅಲ್ಲ, ಎರಡು ತಿಂಗಳಿಂದ ಸರ್ವಮಂಗಳಮ್ಮ ಬೇಡಿಕೊಂಡದ್ದು ಅದೇ ತಟ್ಟೆ. ಅದು ಅವಳ ಮುಂದೆ ಬಂದು ನಿಂತಿತು.

ಅವಳು ಬಾಗಿಲ ಕಡೆ ನೋಡಿದಳು. ಅರ್ಚನಾ ಕೆಮ್ಮಲಿಲ್ಲ. ಕೈಕಟ್ಟಿ ನಿಂತಿದ್ದಳು, ಶೇಂಗಾ ಸುಲಿಯುವುದನ್ನು ನೋಡಿದಳಲ್ಲ, ಹಾಗೇ ನೋಡುತ್ತಿದ್ದಳು.

ಸರ್ವಮಂಗಳಮ್ಮ ಇಪ್ಪತ್ತೆರಡು ವರ್ಷ ತನ್ನ ಅತ್ತೆಯ ಕೈಕೆಳಗೆ ಇದ್ದವಳು. ಆ ಇಪ್ಪತ್ತೆರಡು ವರ್ಷವೂ ಒಂದೇ ಆಸೆ: ತಾನೂ ಒಂದು ದಿನ ಅತ್ತೆಯಾಗಬೇಕು, ಸಾರಿಗೆ ಉಪ್ಪು ಕಡಿಮೆ ಎನ್ನಬೇಕು, ತವರಿಗೆ ಹೋಗುತ್ತೇನೆಂದರೆ ಈಗ ಯಾಕೆ ಎನ್ನಬೇಕು, ಸೊಸೆಯೊಡನೆ ಸರಿಸಮಕ್ಕೆ ಜಗಳವಾಡಿ ಎರಡು ದಿನ ಮಾತು ಬಿಡಬೇಕು. ಇವರು ಅವಳಿಗೆ ಸೊಸೆಯನ್ನು ಕೊಡುತ್ತಿರಲಿಲ್ಲ. ನರ್ಸನ್ನು ಕೊಡುತ್ತಿದ್ದರು. ಮುಷ್ಟಿ ಕಟ್ಟಿ, ಬಿಡಿ, ಒಂದು, ಎರಡು, ಎಂದು ಬೆಳಿಗ್ಗೆ ಸಂಜೆ ಎಣಿಸುವವಳ ಸಾರಿಗೆ ಯಾವ ಬಾಯಿಂದ ಉಪ್ಪು ಕಡಿಮೆ ಎನ್ನುವುದು? ತನ್ನ ಎರಡು ಕಾಲಿಗಾಗಿ ಆ ಹುಡುಗಿಯ ಬಸ್ಸನ್ನೇ ನಿಲ್ಲಿಸುವುದಾದರೆ, ಅವಳು ಜಗಳವಾಡುವುದೇ ಇಲ್ಲ. ಸುಮ್ಮನೆ ಕಾಲು ಒತ್ತುತ್ತಾಳೆ. ಅದಕ್ಕಿಂತ ಭಯಂಕರವಾದದ್ದು ಅವಳಿಗೆ ಯಾವುದೂ ಹೊಳೆಯಲಿಲ್ಲ.

"ತಗಳಿ ಬೀಗಿತ್ತಿ," ಎಂದ ಸಣ್ಣಬಸಪ್ಪ. "ಕೆಲ್ಸ ಬುಡಿಸ್ತೀನಿ ಅಂತ ಮಾತು ಕೊಟ್ಟಾಯ್ತಲ್ಲ. ಮುಟ್ಟಿ."

ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ಅವಳು ಎಡಗೈಯಿಂದ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಒಲ್ಲೆ."